ಹೊಟ್ಟೆಯೊಳಗಿನ ಬಲೆಗೆ ಬಿಲ್ ಇದೆ, ಹೆಸರಿಲ್ಲ

ಗೊಬ್ಬರದ ಚೀಲ, ಎಪಿಎಂಸಿಯಲ್ಲಿ ಕಡಲೆ ತುಂಬುವ ಬಿಳಿ ಚೀಲ, ಈಗೀಗ ಎತ್ತಿನ ಕೊರಳಿಗೂ ಬಂದಿರುವ ಪ್ಲಾಸ್ಟಿಕ್ ಹಗ್ಗ, ಇವುಗಳಲ್ಲಿ ಬಹಳಷ್ಟು ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನಿಂದ ಆದವು. ಹರ್ನಿಯಾ ಆಪರೇಷನ್ ಮಾಡುವಾಗ ಹೊಟ್ಟೆಯ ಗೋಡೆಗೆ ಆಧಾರವಾಗಿ ಇಡುವ ಮೆಶ್ ಕೂಡ ಹೆಚ್ಚಾಗಿ ಇದೇ ಕುಟುಂಬದ್ದು. ಬಟ್ಟೆ ಹರಿದಲ್ಲಿ ತೇಪೆ ಹಾಕಿದ ಹಾಗೆ, ಸ್ನಾಯು ಸಡಿಲವಾದ ಜಾಗದಲ್ಲಿ ಈ ಬಲೆ ಇಟ್ಟು ಹೊಲಿಯುತ್ತಾರೆ. ಬಲೆಯ ಕಣ್ಣುಗಳೊಳಗೆ ಮಾಂಸ ಬೆಳೆದು, ಎರಡೂ ಒಂದಾಗಿ ಗಟ್ಟಿಯಾಗುತ್ತದೆ. ಕೆಟ್ಟರೆ ತೆಗೆಯುವುದು ಅಷ್ಟು ಕಷ್ಟವಾಗುವುದಕ್ಕೂ ಅದೇ ಕಾರಣ. ಒಣಗಿದ ಸಿಮೆಂಟಿನಿಂದ ತಂತಿ ಜಾಲರಿ ಎಳೆದು ನೋಡಿದವರಿಗೆ ಗೊತ್ತು.

ಇದನ್ನೆಲ್ಲ ನಾವು ಓದಬೇಕಾಗಿ ಬಂದದ್ದು ಒಂದು ಜಾಹೀರಾತಿನಿಂದ. (ಓದುಗರಿಗೆ ಮೊದಲೇ ಹೇಳಿಬಿಡುತ್ತೇವೆ: ಸ್ಟ್ರಿಂಗರ್ ಕೆಲಸದಲ್ಲಿ ಬೈಲೈನ್ ಬರುವುದು ಅಪರೂಪ. "ನಮ್ಮ ಪ್ರತಿನಿಧಿಯಿಂದ" ಎಂದೇ ಹತ್ತು ವರ್ಷ ಅಚ್ಚಾಗಿ ಅಚ್ಚಾಗಿ, ಬರೆಯಲು ಕೂತರೆ "ನಾವು" ಎಂದೇ ಬರುತ್ತದೆ.) ಬೆಂಗಳೂರಿನಲ್ಲಿ ಡೆಲಿವರಿ ಕೆಲಸ ಮಾಡುವ ಹುಡುಗನೊಬ್ಬ ಯೂಟ್ಯೂಬ್‌ನಲ್ಲಿ ಅಮೆರಿಕದ ವಕೀಲರ ವಿಡಿಯೋ ನೋಡಿ, ಅದರ ತುಂಡನ್ನು ತಾಯಿಗೆ ವಾಟ್ಸಾಪ್ ಮಾಡಿದ್ದ. ಹರ್ನಿಯಾ ಮೆಶ್ ಹಾಕಿಸಿಕೊಂಡು ತೊಂದರೆಯಾಗಿದೆಯೇ, ನಿಮಗೆ ಪರಿಹಾರ ಸಿಗಬಹುದು, ಕರೆ ಮಾಡಿ, ಗೆದ್ದರೆ ಮಾತ್ರ ಫೀಸು. ಆ ತಾಯಿ ನಮ್ಮ ದೊಡ್ಡವ್ವನ ಮಗಳು. ನಮಗಿಂತ ಹತ್ತು ವರ್ಷ ದೊಡ್ಡವಳು, ಅಕ್ಕ ಎಂದೇ ಕರೆಯುತ್ತೇವೆ. ಪೇಪರಿನಲ್ಲಿ ಬರೆಯುವ ತಮ್ಮನಿಗೆ ಎಲ್ಲ ಗೊತ್ತಿರುತ್ತದೆ ಎಂಬುದು ಅವಳ ನಂಬಿಕೆ.

"ತಮ್ಮಾ, ಅಮೆರಿಕಾದಾಗ ಬಲಿ ಹಾಕಿಸ್ಕೊಂಡವ್ರಿಗೆ ರೊಕ್ಕಾ ಕೊಡ್ತಾರಂತ. ನಮಗೂ ಬರತೈತೇನು ನೋಡು."

ನಮ್ಮ ಕಡೆ ಬಲೆಗೆ ಬಲಿ ಎನ್ನುತ್ತಾರೆ. ಅವಳು ಬೇರೆ ಅರ್ಥದಲ್ಲಿ ಹೇಳಲಿಲ್ಲ.

ಅಕ್ಕನ ಕಥೆ ಉದ್ದವಿಲ್ಲ. ಎರಡನೇ ಹೆರಿಗೆ ಸಿಸೇರಿಯನ್. ಆ ಹೊಲಿಗೆಯ ಜಾಗದಲ್ಲೇ ಹದಿನೈದು ವರ್ಷದ ಮೇಲೆ ಗುಬ್ಬಿ ಎದ್ದಿತು. ಕಳೆ ತೆಗೆಯಲು ಬಗ್ಗಿದರೆ ಹೊರಗೆ, ಮಲಗಿದರೆ ಒಳಗೆ. 2021ರ ಫೆಬ್ರುವರಿಯಲ್ಲಿ ಜಿಲ್ಲಾ ಕೇಂದ್ರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಒಟ್ಟು ಖರ್ಚು 62,000 ರೂಪಾಯಿ, ಅರ್ಧ ಸಂಘದ ಸಾಲ. ಐದು ತಿಂಗಳು ಆರಾಮ. ಆಮೇಲೆ ಗಾಯದ ಬಳಿ ಸಣ್ಣ ರಂಧ್ರ ಬಿದ್ದು ಕೀವು ಸೋರತೊಡಗಿತು. ಔಷಧಿ ಕುಡಿದರೆ ಒಣಗುವುದು, ಬಿಟ್ಟರೆ ಮತ್ತೆ ಸೋರುವುದು. ಆಸ್ಪತ್ರೆಯವರು ಮೊದಲು ಭಾರ ಎತ್ತಿದ್ದೀ ಎಂದರು, ನಂತರ ಶುಗರ್ ಇದೆ ಎಂದರು, ಕಡೆಗೆ ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದರು. ಊರಿನಲ್ಲಿ ಗಾಳಿ ಹಿಡಿದಿದೆ ಎಂದವರೂ ಇದ್ದರು. ಎರಡು ವರ್ಷ ಅವಳು ಸೀರೆಯ ಒಳಗೆ ಹಳೆಯ ಪಂಚೆಯ ತುಂಡು ಮಡಚಿಟ್ಟುಕೊಂಡೇ ಕೂಲಿಗೆ ಹೋದಳು. ವಾಸನೆ ಬರುತ್ತದೆಂದು ಮದುವೆ ಮನೆಗಳಿಗೆ ಹೋಗುವುದನ್ನು ಬಿಟ್ಟಳು. 2023ರ ನವೆಂಬರ್‌ನಲ್ಲಿ ಹುಬ್ಬಳ್ಳಿಯಲ್ಲಿ ಮತ್ತೊಂದು ಆಪರೇಷನ್ ಮಾಡಿ, ಬಲೆಯಲ್ಲಿ ತೆಗೆಯಲು ಬಂದಷ್ಟನ್ನು ತೆಗೆದರು. ಉಳಿದದ್ದು ಒಳಗೇ ಇದೆ.

ಈಗ ಅಮೆರಿಕದ ಮಾತು. ವಿಡಿಯೋ ಸುಳ್ಳಲ್ಲ. ಅಲ್ಲಿ ಬಲೆಯ ಮೇಲಿನ ದಾವೆಗಳು ನಡೆದಿರುವ ಪ್ರಮಾಣ ನೋಡಿದರೆ ನಮ್ಮ ಜಿಲ್ಲೆಯ ಕೋರ್ಟಿನ ಎಲ್ಲ ಕಡತಗಳೂ ಅದರ ಒಂದು ಮೂಲೆಗೆ ಸಾಲುವುದಿಲ್ಲ. ಗರ್ಭಕೋಶ ಜಾರಿದ ಹೆಂಗಸರಿಗೆ, ಕೆಮ್ಮಿದರೆ ಮೂತ್ರ ಸೋರುವವರಿಗೆ ಯೋನಿಮಾರ್ಗದ ಮೂಲಕ ಬಲೆ ಹಾಕುವ ಪದ್ಧತಿ 1990ರ ದಶಕದ ಕೊನೆಯಲ್ಲಿ ಬಂತು. ಹತ್ತು ಹದಿನೈದು ವರ್ಷದಲ್ಲಿ, ಬಲೆ ಮಾಂಸ ಕೊರೆದು ಹೊರಬಂದಿದೆ, ಕೂರಲು ಆಗದಷ್ಟು ನೋವು, ಗಂಡನ ಹತ್ತಿರ ಹೋಗಲು ಆಗುತ್ತಿಲ್ಲ ಎಂಬ ದೂರುಗಳು ಕೋರ್ಟಿಗೆ ಬಂದವು. ವೆಸ್ಟ್ ವರ್ಜೀನಿಯಾ ರಾಜ್ಯದ ಚಾರ್ಲ್ಸ್‌ಟನ್ ಎಂಬ ಊರಿನ ಫೆಡರಲ್ ಕೋರ್ಟಿನಲ್ಲಿ ನ್ಯಾಯಾಧೀಶ ಜೋಸೆಫ್ ಗುಡ್ವಿನ್ ಅವರ ಮುಂದೆ ಏಳು ಕಂಪನಿಗಳ ಮೇಲಿನ ದಾವೆಗಳನ್ನು ಒಟ್ಟುಗೂಡಿಸಿದರು. ಸಂಖ್ಯೆ 1,00,000 ದಾಟಿತು. ನಮ್ಮ ಒಂದು ತಾಲ್ಲೂಕಿನ ಹೆಂಗಸರೆಲ್ಲ ಒಂದೇ ಕೋರ್ಟಿನ ಮೆಟ್ಟಿಲು ಹತ್ತಿದ ಲೆಕ್ಕ.

ನಮಗೆ ಬಹಳ ಹೊತ್ತು ತಲೆಯಲ್ಲಿ ಉಳಿದದ್ದು ಈ ಸಂಖ್ಯೆಯಲ್ಲ, ಆ ಬಲೆಗಳು ಮಾರುಕಟ್ಟೆಗೆ ಬಂದ ದಾರಿ. ಅಮೆರಿಕದಲ್ಲಿ ಎಫ್‌ಡಿಎ ಎಂಬ ಸಂಸ್ಥೆ ಇಂಥ ವಸ್ತುಗಳಿಗೆ ಒಪ್ಪಿಗೆ ಕೊಡುತ್ತದೆ. ಅಲ್ಲಿ 510(ಕೆ) ಎಂಬ ಒಂದು ಬಾಗಿಲಿದೆ. ಹೊಸ ವಸ್ತು ಈಗಾಗಲೇ ಮಾರಾಟದಲ್ಲಿರುವ ಹಳೆಯ ವಸ್ತುವಿಗೆ ಸಾಕಷ್ಟು ಸಮಾನವಾಗಿದೆ ಎಂದು ತೋರಿಸಿದರೆ ಒಳಗೆ ಬಿಡುತ್ತಾರೆ, ಮನುಷ್ಯರ ಮೇಲೆ ಹೊಸದಾಗಿ ಪರೀಕ್ಷೆ ಮಾಡಿ ತೋರಿಸಲೇಬೇಕೆಂದಿಲ್ಲ. ಬಾಸ್ಟನ್ ಸೈಂಟಿಫಿಕ್ ಕಂಪನಿಯ ಪ್ರೊಟೆಜೆನ್ ಎಂಬ ಪಟ್ಟಿಗೆ 1996ರಲ್ಲಿ ಒಪ್ಪಿಗೆ ಸಿಕ್ಕಿತು. ಅದು ಒಳಗೆ ಕೊರೆಯುತ್ತಿದೆ ಎಂಬ ದೂರುಗಳು ಬಂದು, 1999ರಲ್ಲಿ ಕಂಪನಿಯೇ ಹಿಂದಕ್ಕೆ ಪಡೆಯಿತು. ಆದರೆ ಅಷ್ಟರಲ್ಲಿ, 1998ರಲ್ಲಿ, ಟಿವಿಟಿ ಎಂಬ ಇನ್ನೊಂದು ಪಟ್ಟಿ ಪ್ರೊಟೆಜೆನ್ ಅನ್ನು ತೋರಿಸಿ ಒಪ್ಪಿಗೆ ಪಡೆದಾಗಿತ್ತು. ಟಿವಿಟಿಯನ್ನು ತೋರಿಸಿ ಇನ್ನಷ್ಟು ಬಂದವು. ಅಜ್ಜನ ಜಮೀನಿನ ಪತ್ರ ರದ್ದಾದರೂ ಮೊಮ್ಮಕ್ಕಳ ಪಹಣಿ ಮುಂದುವರಿದ ಹಾಗೆ. ಜಾನ್ಸನ್ ಅಂಡ್ ಜಾನ್ಸನ್ ಗುಂಪಿನ ಎಥಿಕಾನ್ ಕಂಪನಿಯ ಪ್ರೊಲಿಫ್ಟ್ ಎಂಬ ಕಿಟ್ ಅಂತೂ 2005ರಿಂದ ಮಾರಾಟವಾಗುತ್ತಿತ್ತು, ಅದಕ್ಕೆ ಎಫ್‌ಡಿಎ ಒಪ್ಪಿಗೆ ದಾಖಲಾದದ್ದು 2008ರಲ್ಲಿ. ಹಳೆಯ ಒಪ್ಪಿಗೆಯೇ ಇದಕ್ಕೂ ಸಾಕೆಂದು ಕಂಪನಿ ತಾನೇ ತೀರ್ಮಾನಿಸಿಕೊಂಡಿತ್ತು.

ಎಫ್‌ಡಿಎ 2008ರಲ್ಲಿ ಒಂದು ಎಚ್ಚರಿಕೆ ಕೊಟ್ಟಿತು, 2011ರಲ್ಲಿ ಅದಕ್ಕಿಂತ ಖಾರವಾದದ್ದು. ಗರ್ಭಕೋಶ ಜಾರಿದ್ದಕ್ಕೆ ಯೋನಿಮಾರ್ಗದಿಂದ ಹಾಕುವ ಬಲೆಗಳ ಮಾರಾಟ ಪೂರ್ತಿ ನಿಲ್ಲಿಸಿ ಎಂದು ಆದೇಶಿಸಿದ್ದು 2019ರ ಏಪ್ರಿಲ್‌ನಲ್ಲಿ. ಮೂತ್ರ ಸೋರುವುದಕ್ಕೆ ಹಾಕುವ ಪಟ್ಟಿ, ಹರ್ನಿಯಾ ಬಲೆ ಇವು ಆ ಆದೇಶದಲ್ಲಿ ಇರಲಿಲ್ಲ, ಈಗಲೂ ಬಳಕೆಯಲ್ಲಿವೆ.

ಕೋರ್ಟಿನಲ್ಲಿ ಹೊರಬಂದ ಕಾಗದಗಳಲ್ಲಿ ಒಂದನ್ನು ಓದಿ ನಾವು ಚಹಾ ಆರಲು ಬಿಟ್ಟೆವು. ಬಾರ್ಡ್ ಕಂಪನಿಯ ಬಲೆಗೆ ಬಳಸಿದ ಪ್ಲಾಸ್ಟಿಕ್ ಕಾಳುಗಳ ತಯಾರಕರು ತಮ್ಮ ಸುರಕ್ಷತಾ ಹಾಳೆಯಲ್ಲಿ, ಇದನ್ನು ಮನುಷ್ಯರ ದೇಹದೊಳಗೆ ಕಾಯಂ ಆಗಿ ಇಡುವ ಕೆಲಸಕ್ಕೆ ಬಳಸಬೇಡಿ ಎಂಬ ಅರ್ಥದ ಸೂಚನೆ ಬರೆದಿದ್ದರು. ಚಾರ್ಲ್ಸ್‌ಟನ್‌ನಲ್ಲಿ 2013ರಲ್ಲಿ ನಡೆದ ಬಾರ್ಡ್ ವಿಚಾರಣೆಯಲ್ಲಿ ಜೂರಿ 20 ಲಕ್ಷ ಡಾಲರ್ ಕೊಡಿಸಿತು. ಅದರಲ್ಲಿ ದೊಡ್ಡ ಪಾಲು, 17.5 ಲಕ್ಷ, ನೋವಿಗಲ್ಲ, ಕಂಪನಿಗೆ ದಂಡವಾಗಿ.

ಆಸ್ಟ್ರೇಲಿಯಾದಲ್ಲಿ ಬೇರೆ ರೀತಿ ನಡೆಯಿತು. ಅಲ್ಲಿ ಜೂರಿ ಇಲ್ಲ, ಹೆಂಗಸರೆಲ್ಲ ಸೇರಿ 2012ರಲ್ಲಿ ಒಂದೇ ದಾವೆ ಹೂಡಿದರು. ಏಳು ವರ್ಷದ ಮೇಲೆ, 2019ರ ನವೆಂಬರ್ 21ರಂದು, ಫೆಡರಲ್ ಕೋರ್ಟಿನ ನ್ಯಾಯಮೂರ್ತಿ ಅನ್ನಾ ಕಾಟ್ಸ್‌ಮನ್ ತೀರ್ಪು ಕೊಟ್ಟರು. ಅಪಾಯಗಳ ಬಗ್ಗೆ ಸರಿಯಾಗಿ ಎಚ್ಚರಿಸಲಿಲ್ಲ, ಮಾರುಕಟ್ಟೆಗೆ ತರುವ ಮುಂಚೆ ಸಾಕಷ್ಟು ಪರೀಕ್ಷಿಸಲಿಲ್ಲ ಎಂದು ಜಾನ್ಸನ್ ಗುಂಪಿನ ಕಂಪನಿಗಳ ಮೇಲೆ ತಪ್ಪು ಹೊರಿಸಿದರು. ಕಂಪನಿ ಮೇಲ್ಮನವಿಯಲ್ಲಿ ಸೋತು, 2022ರಲ್ಲಿ 30 ಕೋಟಿ ಆಸ್ಟ್ರೇಲಿಯನ್ ಡಾಲರ್‌ಗೆ ರಾಜಿಯಾಯಿತು. ಬ್ರಿಟನ್ನಿನಲ್ಲಿ ಸರ್ಕಾರವೇ ಬ್ಯಾರನೆಸ್ ಕಂಬರ್ಲೆಜ್ ಅವರಿಂದ ಪರಿಶೀಲನೆ ಮಾಡಿಸಿ, 2020ರ ಜುಲೈನಲ್ಲಿ ವರದಿ ಬಂದ ಮೇಲೆ ಕ್ಷಮೆ ಕೇಳಿತು. ಆ ವರದಿಯಲ್ಲಿ ಮತ್ತೆ ಮತ್ತೆ ಬರುವುದು, ಹೆಂಗಸರು ನೋವೆಂದರೆ ಡಾಕ್ಟರು ನಂಬಲಿಲ್ಲ, ಅದೆಲ್ಲ ನಿಮ್ಮ ತಲೆಯಲ್ಲಿದೆ, ವಯಸ್ಸಿನ ತೊಂದರೆ ಎಂದು ಕಳಿಸಿದರು ಎಂಬುದು. ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂಬುದಕ್ಕೆ ಇಂಗ್ಲೆಂಡಿನಲ್ಲೂ ಒಂದು ಮಾತಿದೆ ಎಂದು ಅಕ್ಕನಿಗೆ ಹೇಳಿದಾಗ ಅವಳು ನಕ್ಕಳು. "ಅಲ್ಲೂ ಹಂಗ ಅಂತಾರ? ಹೋಗಲಿ ಬಿಡು."

ಅಕ್ಕನದು ಹರ್ನಿಯಾ ಬಲೆ. ಅದರ ದಾವೆಗಳು ಬೇರೆ ಕೋರ್ಟುಗಳಲ್ಲಿ. ಬಾರ್ಡ್ ಕಂಪನಿಯ ಕಾಂಪೊಸಿಕ್ಸ್ ಕೂಗೆಲ್ ಎಂಬ ಬಲೆಯಲ್ಲಿ ಒಂದು ಪ್ಲಾಸ್ಟಿಕ್ ಉಂಗುರವಿತ್ತು, ಅದು ಒಳಗೇ ಮುರಿದು ಕರುಳಿಗೆ ಚುಚ್ಚಬಹುದೆಂದು 2005ರ ಕೊನೆಯಿಂದ ಹಿಂದಕ್ಕೆ ಪಡೆಯತೊಡಗಿದರು. 2011ರಲ್ಲಿ ಸುಮಾರು 2,600 ದಾವೆಗಳಿಗೆ 18.4 ಕೋಟಿ ಡಾಲರ್ ಎಂದು ರಾಜಿಯಾಯಿತು. ಅದೇ ಕಂಪನಿಯ ಬೇರೆ ಹರ್ನಿಯಾ ಬಲೆಗಳ ಮೇಲಿನ ದಾವೆಗಳು ಓಹಾಯೋ ರಾಜ್ಯದ ಕೋರ್ಟಿನಲ್ಲಿ ಒಟ್ಟಾದವು. ಮೊದಲ ವಿಚಾರಣೆಯಲ್ಲಿ, 2021ರಲ್ಲಿ, ಕಂಪನಿಯೇ ಗೆದ್ದಿತು. ಎರಡನೆಯದರಲ್ಲಿ ರೋಗಿಯ ಕಡೆಗೆ 2,55,000 ಡಾಲರ್. 2024ರ ಅಕ್ಟೋಬರ್‌ನಲ್ಲಿ ಸುಮಾರು 38,000 ದಾವೆಗಳಲ್ಲಿ ಹೆಚ್ಚಿನವನ್ನು ರಾಜಿಯಲ್ಲಿ ಮುಗಿಸುವುದಾಗಿ, ಬಾರ್ಡ್ ಅನ್ನು ಕೊಂಡಿದ್ದ ಕಂಪನಿ ಘೋಷಿಸಿತು. ರಾಜಿ ಎಂದರೆ ತಪ್ಪು ಒಪ್ಪಿಕೊಂಡಂತಲ್ಲ, ಇದನ್ನು ಎಲ್ಲ ಕಂಪನಿಗಳೂ ಬರೆಸಿಕೊಳ್ಳುತ್ತವೆ.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು, ಇಲ್ಲದಿದ್ದರೆ ಈ ಲೇಖನ ಓದಿ ಯಾರಾದರೂ ಬೇಕಾದ ಆಪರೇಷನ್ ಮುಂದೂಡಬಹುದು. ಬಲೆಯೇ ಕೆಟ್ಟದ್ದಲ್ಲ. ಬರೀ ಹೊಲಿಗೆ ಹಾಕಿದರೆ ಹರ್ನಿಯಾ ಮತ್ತೆ ಬರುವ ಸಾಧ್ಯತೆ ಹೆಚ್ಚು, ಬಲೆ ಹಾಕಿದರೆ ಕಡಿಮೆ. ಪಕ್ಕದ ಮಹಾರಾಷ್ಟ್ರದ ಧುಳೆ ಜಿಲ್ಲೆಯ ದೊಂಡಾಯಿಚಾ ಎಂಬ ಊರಿನಲ್ಲಿ ಡಾ. ರವೀಂದ್ರನಾಥ ತೋಂಗಾಂವ್ಕರ್ ಎಂಬ ಗ್ರಾಮೀಣ ಸರ್ಜನ್, ಕಂಪನಿ ಬಲೆಯ ಬೆಲೆ ಬಡವರಿಗೆ ಎಟುಕುವುದಿಲ್ಲವೆಂದು ಸೊಳ್ಳೆ ಪರದೆಯ ಬಟ್ಟೆಯನ್ನೇ ಕತ್ತರಿಸಿ, ಕ್ರಿಮಿಶುದ್ಧಿ ಮಾಡಿ ಬಳಸಿದರು. 2003ರಲ್ಲಿ ಅದರ ಫಲಿತಾಂಶವನ್ನು ಸರ್ಜನ್‌ಗಳ ಪತ್ರಿಕೆಯಲ್ಲಿ ಪ್ರಕಟಿಸಿದರು. ಉಗಾಂಡದಲ್ಲಿ ಸೊಳ್ಳೆ ಪರದೆಯ ಬಲೆಯನ್ನೂ ಕಂಪನಿಯ ಬಲೆಯನ್ನೂ ಎದುರುಬದುರಾಗಿ ಹೋಲಿಸಿ ನಡೆಸಿದ ಅಧ್ಯಯನ 2016ರಲ್ಲಿ ಪ್ರಕಟವಾಯಿತು, ಅಗ್ಗದ್ದು ಹಿಂದೆ ಬೀಳಲಿಲ್ಲ. ಹಾಗಾಗಿ ದುಬಾರಿ ಬಲೆ ಒಳ್ಳೆಯದು, ಅಗ್ಗದ್ದು ಕೆಟ್ಟದ್ದು ಎಂದೂ ಹೇಳಲಾಗದು. ದೊಂಡಾಯಿಚಾದ ಡಾಕ್ಟರು ಏನು ಹಾಕಿದೆ, ಯಾರಿಗೆ ಹಾಕಿದೆ, ಆಮೇಲೆ ಏನಾಯಿತು ಎಂದು ಬರೆದಿಟ್ಟರು. ಸೊಳ್ಳೆ ಪರದೆಗಿಂತ ಆ ಲೆಕ್ಕದ ಪುಸ್ತಕ ನಮಗೆ ದೊಡ್ಡದಾಗಿ ಕಾಣುತ್ತದೆ.

ಲೆಕ್ಕದ ಪುಸ್ತಕದ ಮಾತು ಬಂದದ್ದಕ್ಕೆ: ಎಥಿಕಾನ್ ಕಂಪನಿಯ ಫಿಜಿಯೊಮೆಶ್ ಎಂಬ ಹರ್ನಿಯಾ ಬಲೆಯನ್ನು 2016ರ ಮೇ ತಿಂಗಳಲ್ಲಿ ಜಗತ್ತಿನಾದ್ಯಂತ ಮಾರಾಟದಿಂದ ತೆಗೆದರು. ಅದು ಗೊತ್ತಾದದ್ದು ಯಾವ ವಕೀಲರಿಂದಲೂ ಅಲ್ಲ. ಡೆನ್ಮಾರ್ಕ್ ಮತ್ತು ಜರ್ಮನಿಯಲ್ಲಿ ಹರ್ನಿಯಾ ಆಪರೇಷನ್‌ಗಳ ರಿಜಿಸ್ಟರ್ ಇದೆ. ಯಾವ ಬಲೆ, ಯಾವ ವಿಧಾನ, ಮತ್ತೆ ಆಪರೇಷನ್ ಆಯಿತೇ ಎಂದು ಬರೆಯುತ್ತಾರೆ. ಆ ರಿಜಿಸ್ಟರ್‌ಗಳ ಅಂಕಿಗಳಲ್ಲಿ ಈ ಬಲೆ ಹಾಕಿಸಿಕೊಂಡವರಿಗೆ ಹರ್ನಿಯಾ ಮರುಕಳಿಸುವುದು, ಮತ್ತೆ ಕುಯ್ಯಿಸಿಕೊಳ್ಳುವುದು ಉಳಿದ ಬಲೆಗಳಿಗಿಂತ ಹೆಚ್ಚೆಂದು ಕಂಡಿತು. ಡೆನ್ಮಾರ್ಕಿನಲ್ಲಿ ಯಾರೋ ತುಂಬಿದ ಕಾಲಂ ಅಮೆರಿಕದ ಅಟ್ಲಾಂಟಾದ ಕೋರ್ಟಿನಲ್ಲಿ ಸಾವಿರಾರು ದಾವೆಗಳಿಗೆ ಆಧಾರವಾಯಿತು.

ಆ ದಾವೆಗಳಲ್ಲಿ ವಕೀಲರು ಮೊದಲು ಕೇಳುವುದು ನೋವಿನ ಕಥೆಯಲ್ಲ. ಕೇಳುವುದು ಚೀಟಿ. ಬಲೆಯ ಡಬ್ಬದ ಜೊತೆ ಅಂಟಿಸುವ ಲೇಬಲ್‌ಗಳು ಬರುತ್ತವೆ. ಕಂಪನಿ, ಮಾದರಿ, ಲಾಟ್ ನಂಬರ್. ಅದನ್ನು ಕಿತ್ತು ರೋಗಿಯ ಕೇಸ್ ಶೀಟಿಗೆ ಅಂಟಿಸುತ್ತಾರೆ. ಚೀಟಿ ಇಲ್ಲದಿದ್ದರೆ ಯಾರ ಮೇಲೆ ದಾವೆ ಎಂಬುದೇ ಇರುವುದಿಲ್ಲ.

ಅಕ್ಕನ ಹತ್ತಿರ ಏನಿತ್ತು? ರೇಷನ್ ಕಾರ್ಡ್, ಬೆಳೆ ವಿಮೆ ರಸೀದಿ, ಮಗನ ಮಾರ್ಕ್ಸ್ ಕಾರ್ಡ್ ಇರುವ ತಗಡಿನ ಟ್ರಂಕಿನಲ್ಲಿ ಒಂದು ಪ್ಲಾಸ್ಟಿಕ್ ಕವರ್. ಅದರೊಳಗೆ ಒಂದು ಪುಟದ ಡಿಸ್ಚಾರ್ಜ್ ಕಾರ್ಡ್. ಹರ್ನಿಯಾಕ್ಕೆ ಮೆಶ್ ಹಾಕಿ ದುರಸ್ತಿ ಮಾಡಲಾಗಿದೆ ಎಂದು ಒಂದು ಸಾಲು. ಯಾವ ಮೆಶ್ ಎಂದಿಲ್ಲ. ಹುಬ್ಬಳ್ಳಿಯಲ್ಲಿ ಹೊರತೆಗೆದ ತುಂಡು ಆಸ್ಪತ್ರೆ ತ್ಯಾಜ್ಯದ ಹಳದಿ ಚೀಲಕ್ಕೆ ಹೋಗಿ ಸುಟ್ಟಾಗಿತ್ತು. ನಿಯಮದ ಪ್ರಕಾರವೇ.

2024ರ ನವೆಂಬರ್‌ನಲ್ಲಿ ಅಕ್ಕನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಮೊದಲ ಆಸ್ಪತ್ರೆಗೆ ಹೋದೆವು. ಕೇಸ್ ಶೀಟಿನ ಪ್ರತಿ ಬೇಕೆಂದು ಅರ್ಜಿ ಕೊಟ್ಟೆವು. ವೈದ್ಯರ ನಡತೆಯ 2002ರ ನಿಯಮಗಳ ಪ್ರಕಾರ ರೋಗಿ ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕು. ಕೌಂಟರಿನ ಹುಡುಗಿ ಒಳಗೆ ಹೋಗಿ ಬಂದು, "ಮೂರು ವರ್ಷದ ಮ್ಯಾಲಿನ್ವು ಇಡಂಗಿಲ್ರಿ" ಎಂದಳು. ಅದೂ ಅದೇ ನಿಯಮದಲ್ಲೇ ಇದೆ. ಚಿಕಿತ್ಸೆ ಶುರುವಾದ ದಿನದಿಂದ ಮೂರು ವರ್ಷ ಇಟ್ಟರೆ ಸಾಕು. ಅಕ್ಕನ ಮೂರು ವರ್ಷ 2024ರ ಫೆಬ್ರುವರಿಗೆ ಮುಗಿದಿತ್ತು. ದೇಹದೊಳಗೆ ಕಾಯಂ ಇರುವ ವಸ್ತುವಿನ ಕಾಗದಕ್ಕೆ ಮೂರು ವರ್ಷದ ಆಯಸ್ಸು. ಜಮೀನಿನ ಮ್ಯುಟೇಶನ್ ಆದರೆ ನೂರು ವರ್ಷದ್ದು ಸಿಗುತ್ತದೆ.

ಇದು ಅಕ್ಕನೊಬ್ಬಳ ಪಾಡಲ್ಲ. ಜಾನ್ಸನ್ ಗುಂಪಿನದೇ ಡಿಪ್ಯೂ ಕಂಪನಿಯ ಎಎಸ್‌ಆರ್ ಎಂಬ ಲೋಹದ ಸೊಂಟದ ಕೀಲನ್ನು 2010ರ ಆಗಸ್ಟ್‌ನಲ್ಲಿ ಜಗತ್ತಿನಾದ್ಯಂತ ಹಿಂದಕ್ಕೆ ಪಡೆದರು. ಭಾರತದಲ್ಲಿ ಅದನ್ನು ಹಾಕಿದ ಆಪರೇಷನ್‌ಗಳು ಸುಮಾರು 4,700. ಅಮೆರಿಕದವರಿಗೆ 2013ರಲ್ಲೇ ಸುಮಾರು 250 ಕೋಟಿ ಡಾಲರ್ ರಾಜಿ. ಇಲ್ಲಿ ಕೇಂದ್ರ ಸರ್ಕಾರ ತಜ್ಞರ ಸಮಿತಿ ಮಾಡಿದ್ದು 2017ರಲ್ಲಿ, ಪರಿಹಾರದ ಸೂತ್ರ 30 ಲಕ್ಷದಿಂದ 1.23 ಕೋಟಿ ರೂಪಾಯಿ ಎಂದು ಹೊರಟದ್ದು 2018ರಲ್ಲಿ, ಸುಪ್ರೀಂ ಕೋರ್ಟ್ ಅದನ್ನು ಒಪ್ಪಿದ್ದು 2019ರ ಜನವರಿಯಲ್ಲಿ. ಕೊಡಲು ಹೊರಟರೆ ಬಹುಪಾಲು ಜನ ಎಲ್ಲಿದ್ದಾರೆಂದೇ ಪತ್ತೆಯಾಗಲಿಲ್ಲ. ಅದು ದೊಡ್ಡ ನಗರಗಳ ಆಸ್ಪತ್ರೆಗಳಲ್ಲಿ ಲಕ್ಷಗಟ್ಟಲೆ ಕೊಟ್ಟು ಹಾಕಿಸಿಕೊಂಡ ಕೀಲು. ತಾಲ್ಲೂಕಿನ ಬಲೆಯ ಗತಿ ನೀವೇ ಊಹಿಸಿ.

ನಮ್ಮಲ್ಲಿ ಅಮೆರಿಕದಂಥ ವಿಡಿಯೋ ಏಕಿಲ್ಲ ಎಂದು ಅಕ್ಕನ ಮಗ ಕೇಳಿದ. ಇಲ್ಲಿ ವಕೀಲರು ಜಾಹೀರಾತು ಕೊಡುವಂತಿಲ್ಲ, ಗೆದ್ದ ಹಣದಲ್ಲಿ ಪಾಲು ಎಂದು ಫೀಸು ಮಾತಾಡುವಂತಿಲ್ಲ. ಎರಡೂ ಬಾರ್ ಕೌನ್ಸಿಲ್ ನಿಯಮಗಳಲ್ಲೇ ಇವೆ. ಅಲ್ಲಿ ಬಡವಳಿಗೂ ವಕೀಲ ಸಿಗುವುದು ಆ ಪಾಲಿನ ಆಸೆಯಿಂದ. ಅದೇ ಆಸೆ ಕೊಳೆತದ್ದೂ ಇದೆ. ಬಲೆ ತೆಗೆಸಿದರೆ ದಾವೆಯ ಬೆಲೆ ಹೆಚ್ಚುತ್ತದೆಂದು ದಲ್ಲಾಳಿಗಳು ಹೆಂಗಸರಿಗೆ ಫೋನ್ ಮಾಡಿ, ವಿಮಾನದಲ್ಲಿ ಕರೆಸಿ, ಬಡ್ಡಿ ಸಾಲ ಕೊಟ್ಟು, ಬೇಡದ ಆಪರೇಷನ್ ಮಾಡಿಸಿದ್ದನ್ನು 2018ರಲ್ಲಿ ನ್ಯೂಯಾರ್ಕ್ ಟೈಮ್ಸ್ ಬಯಲಿಗೆ ತಂದಿತು. ನಮ್ಮ ನಿಯಮ ಅಂಥ ದಲ್ಲಾಳಿಗಳನ್ನು ತಡೆದಿರಬಹುದು. ಅಕ್ಕನ ಮನೆ ಬಾಗಿಲಿಗೆ ವಕೀಲರು ಬರುವುದನ್ನೂ ತಡೆದಿದೆ. ಯಾವುದು ಮೇಲು ಎಂದು ಕೇಳಿದರೆ, ನಮಗೆ ಇನ್ನೂ ಒಂದು ಕಡೆ ವಾಲಲು ಆಗಿಲ್ಲ.

ಈ ಸುದ್ದಿಯನ್ನು ನಾವು ಬರೆಯುವ ಪತ್ರಿಕೆಗೂ ಕಳಿಸಿದ್ದೆವು. ಡೆಸ್ಕಿನಿಂದ ಫೋನ್ ಬಂತು: ಕಂಪನಿ ಹೆಸರಿಲ್ಲ, ಡಾಕ್ಟರ ತಪ್ಪೆಂದು ಸಾಬೀತಿಲ್ಲ, ಸುದ್ದಿ ಏನ್ರೀ ಇದರಲ್ಲಿ? ಹೆಸರಿಲ್ಲದಿರುವುದೇ ಸುದ್ದಿ ಸರ್ ಎಂದೆವು. ಅಚ್ಚಾಗಲಿಲ್ಲ.

ದಾರಿ ಸಿಕ್ಕಿದ್ದು ಅದೇ ಟ್ರಂಕಿನಲ್ಲಿ, ಆರು ತಿಂಗಳ ಮೇಲೆ. ಸಂಘದ ಸಾಲಕ್ಕೆ ಖರ್ಚಿನ ಪುರಾವೆ ತೋರಿಸಬೇಕಿತ್ತಂತೆ. ಅದಕ್ಕಾಗಿ ಅಕ್ಕ ಎತ್ತಿಟ್ಟಿದ್ದ ರಸೀದಿಗಳ ಕಟ್ಟಿನಲ್ಲಿ, ಆಸ್ಪತ್ರೆಯ ಒಳಗೇ ಇರುವ ಮೆಡಿಕಲ್ ಶಾಪಿನ ಒಂದು ಬಿಲ್. ಸಲೈನ್, ಇಂಜೆಕ್ಷನ್, ಹೊಲಿಗೆ ದಾರ, ಕೆಳಗೆ "ಮೆಶ್ 15x15 - 1", ಬೆಲೆ 9,500. ಔಷಧಿಗಳ ಮುಂದೆ ಬ್ಯಾಚ್ ನಂಬರ್ ಇದೆ. ಮೆಶ್ ಮುಂದೆ ಆ ಕಾಲಂ ಖಾಲಿ.

ನಾವು ಕೋರ್ಟ್ ಸುದ್ದಿಗೆ ಹೋಗುವಾಗ ಪರಿಚಯವಾದ ವಕೀಲರೊಬ್ಬರಿದ್ದಾರೆ. ಮೋಟಾರು ಅಪಘಾತದ ಕೇಸೇ ಅವರಿಗೆ ಅನ್ನ. ಡಿಸ್ಚಾರ್ಜ್ ಕಾರ್ಡ್ ನೋಡಿದಾಗ ತಲೆ ಅಲ್ಲಾಡಿಸಿದ್ದರು. ಈ ಬಿಲ್ ನೋಡಿ ಕನ್ನಡಕ ಹಾಕಿಕೊಂಡರು. "ಅಂಗಡಿ ಬ್ಯಾರೆ, ಲೈಸೆನ್ಸ್ ಬ್ಯಾರೆ ಐತಿ. ಇದು ಮಾರಾಟ ಆತು."

ಅವರು ತೋರಿಸಿದ್ದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಆರನೇ ಅಧ್ಯಾಯ. ದೋಷದ ವಸ್ತುವಿನಿಂದ ಆದ ಹಾನಿಗೆ ಹೊಣೆ ಯಾರು ಎಂಬುದಕ್ಕೇ ಮೀಸಲಾದ ಅಧ್ಯಾಯ ಅದು, 2020ರ ಜುಲೈ 20ರಿಂದ ಜಾರಿ. ಅಕ್ಕನ ಆಪರೇಷನ್ ಅದರ ನಂತರದ್ದು. 84ನೇ ಕಲಂ ತಯಾರಕರದ್ದು: ತಯಾರಿಕೆಯಲ್ಲಿ ದೋಷ, ವಿನ್ಯಾಸದಲ್ಲಿ ದೋಷ, ಸರಿಯಾದ ಎಚ್ಚರಿಕೆ ಕೊಡದಿರುವುದು ಇವೆಲ್ಲ ಬರುತ್ತವೆ. 86ನೇ ಕಲಂ ಮಾರಿದವರದ್ದು. ಅದರಲ್ಲಿ ಒಂದು ಉಪಕಲಂ, ತಯಾರಕರು ಯಾರೆಂದು ಗೊತ್ತಿಲ್ಲದಿದ್ದರೆ ಮಾರಿದವರೇ ಹೊಣೆ ಎನ್ನುತ್ತದೆ. ಅಂದರೆ ಖಾಲಿ ಕಾಲಂ ಅಕ್ಕನ ತಲೆನೋವಾಗಿ ಉಳಿಯದೆ, ಅದನ್ನು ಖಾಲಿ ಬಿಟ್ಟವರ ತಲೆನೋವಾಗಬಹುದು. ಹೆಸರು ಹೇಳಿ, ಇಲ್ಲವೇ ನೀವೇ ನಿಲ್ಲಿ.

ಇಷ್ಟರಿಂದಲೇ ಗೆದ್ದಂತಲ್ಲ ಎಂದೂ ವಕೀಲರು ಹೇಳಿದರು. ಬಲೆಯಲ್ಲಿ ದೋಷವಿತ್ತೆಂದು ತೋರಿಸಬೇಕು. ಸೋಂಕು ಯಾವ ಬಲೆಗೂ, ಯಾವ ಆಪರೇಷನ್‌ಗೂ ಆಗಬಹುದು. ತಜ್ಞರ ಕೈಯಲ್ಲೇ ಬಳಸಬೇಕಾದ ವಸ್ತುವಾದರೆ, ಆ ತಜ್ಞರಿಗೆ ಎಚ್ಚರಿಕೆ ಕೊಟ್ಟಿದ್ದರೆ ಸಾಕು ಎಂಬ ವಿನಾಯಿತಿ 87ರಲ್ಲಿದೆ. ಡಾಕ್ಟರರ ಸೇವೆ ಗ್ರಾಹಕ ಕಾನೂನಿಗೆ ಒಳಪಡುತ್ತದೆ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ, ಆದರೆ ನಿರ್ಲಕ್ಷ್ಯ ಸಾಬೀತು ಮಾಡಲು ಸಾಮಾನ್ಯವಾಗಿ ಇನ್ನೊಬ್ಬ ಡಾಕ್ಟರು ಹೇಳಬೇಕು. ನಮ್ಮ ಜಿಲ್ಲೆಯಲ್ಲಿ ಒಬ್ಬ ಸರ್ಜನ್ ಇನ್ನೊಬ್ಬರ ವಿರುದ್ಧ ಹೇಳಿಕೆ ಕೊಟ್ಟದ್ದನ್ನು ನಾವು ಇದುವರೆಗೆ ವರದಿ ಮಾಡಿಲ್ಲ.

ದೂರು ಕೊಡಲು ಎರಡು ವರ್ಷದ ಗಡುವು. ಅದನ್ನು ಬಲೆ ಹೊರತೆಗೆದ 2023ರ ನವೆಂಬರ್‌ನಿಂದ ಎಣಿಸಿ, 2025ರ ಆಗಸ್ಟ್‌ನಲ್ಲಿ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗದಲ್ಲಿ ದೂರು ದಾಖಲಾಯಿತು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ. ಇದನ್ನು ಬಹಳ ಜನ ನಂಬುವುದೇ ಇಲ್ಲ, ಅಕ್ಕ ಕೂಡ ಎರಡು ಸಲ ಕೇಳಿದಳು. ಆಸ್ಪತ್ರೆ ಒಂದನೇ ಎದುರುದಾರ, ಮೆಡಿಕಲ್ ಶಾಪು ಎರಡನೇ ಎದುರುದಾರ. ಬೇಡಿಕೆ 8 ಲಕ್ಷ.

ಉತ್ತರ ಸಲ್ಲಿಸಲು ಕಾನೂನಿನಲ್ಲಿ 30 ದಿನ, ಹೆಚ್ಚೆಂದರೆ ಇನ್ನೂ 15. ಅವರು 43ನೇ ದಿನ ಸಲ್ಲಿಸಿದರು. ರೋಗಿ ಭಾರ ಎತ್ತಿದ್ದಾಳೆ, ಶುಗರ್ ಇದೆ, ಸೋಂಕು ಎಲ್ಲರಿಗೂ ಗೊತ್ತಿರುವ ಅಪಾಯ, ಸಹಿ ಮಾಡಿದ ಒಪ್ಪಿಗೆ ಪತ್ರವಿತ್ತು, ಆ ಪತ್ರ ಈಗ ಲಭ್ಯವಿಲ್ಲ. ಶಾಪಿನವರದ್ದು ಇನ್ನೂ ಚಿಕ್ಕದು: ಪ್ರತಿಷ್ಠಿತ ಕಂಪನಿಯ ಉತ್ತಮ ಗುಣಮಟ್ಟದ ಮೆಶ್ ಪೂರೈಸಲಾಗಿದೆ. ಯಾವ ಕಂಪನಿ ಎಂದು ಅದರಲ್ಲೂ ಇಲ್ಲ.

"ಪ್ರತಿಷ್ಠಿತ ಅಂದ್ರ ಏನು?" ಎಂದು ಅಕ್ಕ ಕೇಳಿದಳು. ದೊಡ್ಡ ಹೆಸರಿನದು ಎಂದೆವು. "ಹಂಗಾರ ಆ ಹೆಸರು ಹೇಳಾಕ ಏನಾಗೈತಿ?"

ವಕೀಲರು ಈ ಪ್ರಶ್ನೆಯನ್ನೇ ಕಾನೂನಿನ ಭಾಷೆಗೆ ತಿರುಗಿಸಿ ಅರ್ಜಿ ಹಾಕಿದರು. ದಾಖಲೆ ತರಿಸಿಕೊಳ್ಳಲು ಆಯೋಗಕ್ಕೆ ಸಿವಿಲ್ ಕೋರ್ಟಿನ ಅಧಿಕಾರವಿದೆ. 2020ರ ಡಿಸೆಂಬರ್‌ನಿಂದ 2021ರ ಫೆಬ್ರುವರಿವರೆಗೆ ಶಾಪಿನವರು ವಿತರಕರಿಂದ ಮೆಶ್ ಖರೀದಿಸಿದ ಇನ್ವಾಯ್ಸ್‌ಗಳನ್ನು ಹಾಜರುಪಡಿಸಬೇಕು ಎಂಬುದು ಅರ್ಜಿ. ಕೇಸ್ ಶೀಟ್ ಮೂರು ವರ್ಷಕ್ಕೆ ಹರಿಯಬಹುದು, ತೆರಿಗೆಯ ಲೆಕ್ಕ ಹಾಗೆ ಹರಿಯುವಂತಿಲ್ಲ. ಖರೀದಿ ಬಿಲ್‌ನಲ್ಲಿ ಕಂಪನಿ ಹೆಸರಿರುತ್ತದೆ, ಲಾಟ್ ನಂಬರೂ ಇರಬಹುದು. ಹೆಸರು ಸಿಕ್ಕರೆ ಕಂಪನಿಯನ್ನು ಮೂರನೇ ಎದುರುದಾರ ಮಾಡಬಹುದು. ಆ ಲಾಟಿನ ಬಲೆ ಇನ್ನೆಷ್ಟು ಹೊಟ್ಟೆಗಳಲ್ಲಿದೆ ಎಂದು ಕೇಳಬಹುದು. ನಮಗೆ ಕುತೂಹಲ ಇರುವುದು ಅಲ್ಲಿ.

ಈ ನಡುವೆ ವಸ್ತುಗಳಿಂದಾದ ತೊಂದರೆ ವರದಿ ಮಾಡುವ ಕೇಂದ್ರದ ವ್ಯವಸ್ಥೆಗೂ ಅಕ್ಕನ ಹೆಸರಿನಲ್ಲಿ ಒಂದು ಫಾರಂ ಕಳಿಸಿದೆವು. ಮೆಟೀರಿಯೊವಿಜಿಲೆನ್ಸ್ ಎಂದು ಅದರ ಹೆಸರು, 2015ರ ಜುಲೈನಲ್ಲಿ ಶುರುವಾಯಿತು, ಗಾಜಿಯಾಬಾದಿನ ಇಂಡಿಯನ್ ಫಾರ್ಮಕೊಪಿಯಾ ಕಮಿಷನ್ ನಡೆಸುತ್ತದೆ. ಡಾಕ್ಟರೇ ಆಗಬೇಕೆಂದಿಲ್ಲ, ರೋಗಿಯೂ ವರದಿ ಮಾಡಬಹುದು. ಫಾರಂನಲ್ಲಿ ತಯಾರಕರ ಹೆಸರು, ಬ್ಯಾಚ್ ನಂಬರ್ ಕೇಳುವ ಜಾಗದಲ್ಲಿ "ಬಿಲ್‌ನಲ್ಲಿ ನಮೂದಿಸಿಲ್ಲ" ಎಂದು ಬರೆದು ಬಿಲ್‌ನ ಜೆರಾಕ್ಸ್ ಲಗತ್ತಿಸಿದೆವು.

ಕಳೆದ ಮುದ್ದತಿನಲ್ಲಿ ಶಾಪಿನ ವಕೀಲರು, ಹಳೆಯ ಕಂಪ್ಯೂಟರ್ ಕೆಟ್ಟಿದೆ, ಆಡಿಟರ್ ಹತ್ತಿರ ಕೇಳಬೇಕು ಎಂದು ಸಮಯ ಕೇಳಿದರು. ಆಯೋಗದ ಅಧ್ಯಕ್ಷರು ಕೊನೆಯ ಅವಕಾಶ ಎಂದು ಬರೆಸಿ ಆರು ವಾರ ಕೊಟ್ಟರು. ಹೊರಗೆ ಬಂದ ಮೇಲೆ ಅಕ್ಕ ತಾರೀಖನ್ನು ನಮ್ಮಿಂದ ಚೀಟಿಯಲ್ಲಿ ಬರೆಸಿಕೊಂಡಳು. ಅವತ್ತು ಸಂತೆ, ಬಸ್ಸು ತುಂಬಿರುತ್ತದೆ, ಬೈಕ್ ತಗೊಂಡೇ ಬಾ ಎಂದಳು. ಚೀಟಿಯನ್ನು ಮಡಚಿ, ಮೆಡಿಕಲ್ ಬಿಲ್ ಇರುವ ಕವರಿನೊಳಗೇ ಸೇರಿಸಿದಳು.